ಹೊಳೆಯ ಮಡು ಈಜುಕೊಳವಲ್ಲ

ಮಂಡ್ಯ ಜಿಲ್ಲೆಗೆ ಕಡಲಿಲ್ಲ. ಆದರೂ ಬೇಸಿಗೆಯ ಭಾನುವಾರಗಳಂದು ಮೈಸೂರು, ಬೆಂಗಳೂರುಗಳಿಂದ ಹೊರಟ ವಾಹನಗಳು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ಹೊಳೆದಂಡೆಗಳಿಗೆ ಬಂದು ನಿಲ್ಲುತ್ತವೆ. ಅವುಗಳಿಂದ ಇಳಿಯುವವರು ಅರಸುವುದು ಕಡಲತೀರವನ್ನೇ: ಜನರ ಸುಳಿವಿಲ್ಲದ ಮರಳು, ಸುತ್ತಲೂ ನೀರಿರುವ ನಡುಗಡ್ಡೆ, ಬಂಡೆಗಳ ನಡುವೆ ತಿಳಿನೀರು ನಿಂತ ಮಡು. ಬಲಮುರಿ, ಎಡಮುರಿ, ಹೇಮಗಿರಿ, ಕನ್ನಂಬಾಡಿಯ ಹಿನ್ನೀರು, ಇವೆಲ್ಲ ಈಗ ಅಂತಹ ‘ತೀರ’ಗಳಾಗಿವೆ.

ಬಿಸಿಲಿಗೆ ಬೆಂದವರು ನೀರನ್ನು ಅರಸಿ ಬರುವುದು ಸಹಜ. ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋಗಲಾರದ ವಿದ್ಯಾರ್ಥಿಗೆ ಬಸ್ಸಿನ ಟಿಕೆಟ್ಟಿನ ಬೆಲೆಗೆ ದೊರೆಯುವ ಬಿಡುವು ಇದು. ಹೊಳೆ ಯಾರೊಬ್ಬರ ಸ್ವತ್ತೂ ಅಲ್ಲ. ಆದುದರಿಂದ ಬರುವವರನ್ನು ಜರೆದು ಪ್ರಯೋಜನವಿಲ್ಲ. ಪ್ರಶ್ನಿಸಬೇಕಾದುದು ಈ ತಾಣಗಳಿಗೆ ಅಂಟಿಸಿರುವ ‘ನಿರ್ಜನವಾದ ನೈಸರ್ಗಿಕ ಈಜುಕೊಳ’ ಎಂಬ ಹಣೆಪಟ್ಟಿಯನ್ನು. ಅದರಲ್ಲಿರುವ ಒಂದು ಮಾತೂ ಪೂರ್ಣ ನಿಜವಲ್ಲ. ಅದನ್ನು ನಂಬಿ ನೀರಿಗಿಳಿದವರು ಹೊಳೆಯನ್ನು ಕೆಡಿಸುತ್ತಾರೆ. ಕೆಲವರು ಪ್ರಾಣವನ್ನೂ ಕಳೆದುಕೊಳ್ಳುತ್ತಾರೆ.

ಕಟ್ಟಿದವರು, ಕಳೆದುಕೊಂಡವರು

ಬಲಮುರಿಯಲ್ಲಿ ನೀರು ಹಾಲಿನಂತೆ ಹರಡಿ ಬೀಳುವುದು ಸಹಜವಾದ ಜಲಪಾತದಿಂದಲ್ಲ. ಬೆಳಗೊಳದ ಬಳಿ ಹಿಂದಿನವರು ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಮೇಲಿಂದ. ಗದ್ದೆಗಳಿಗೆ ನೀರುಣಿಸುವ ವಿರಿಜಾ ನಾಲೆ ಹೊರಡುವುದು ಈ ಒಡ್ಡಿನಿಂದಲೇ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಗೆ ಕಟ್ಟಿದ ಹೇಮಗಿರಿ ಮತ್ತು ಮಂದಗೆರೆ ಅಣೆಕಟ್ಟೆಗಳೂ ಇದೇ ಬಗೆಯವು. ಪ್ರವಾಸಿಗನ ಕಣ್ಣಿಗೆ ಜಲಪಾತವಾಗಿ ಕಾಣುವುದು ರೈತನ ಪಾಲಿಗೆ ನೀರಿನ ಬಾಗಿಲು. ಅಲ್ಲಿ ಒಡೆದ ಗಾಜಿನ ಬಾಟಲಿಯ ಚೂರು ಹೊಳೆಯ ತಳದಲ್ಲಿಯೇ ಉಳಿಯುವುದಿಲ್ಲ. ನಾಲೆಯ ಹಾದಿ ಹಿಡಿದು ಗದ್ದೆಯನ್ನು ಸೇರಿದರೆ, ಬರಿಗಾಲಿನಲ್ಲಿ ನಾಟಿಗೆ ಇಳಿದ ಹೆಣ್ಣುಮಗಳ ಅಂಗಾಲಿಗೆ ಅದು ಕಾದಿರುತ್ತದೆ.

ಹಿನ್ನೀರಿನ ದಂಡೆಯ ಕಥೆ ಇನ್ನೂ ಗಂಭೀರವಾದುದು. 1911ರಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಆರಂಭವಾದ ನಂತರ ನೀರು ಏರಿದಂತೆ ಹಳೆಯ ಕನ್ನಂಬಾಡಿ ಮುಳುಗಿತು. ಅಲ್ಲಿನ ಜನ ಮನೆಮಠ ಬಿಟ್ಟು ಮೇಲಕ್ಕೆ ಬಂದರು. ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯದ ಕಲ್ಲುಗಳನ್ನು ಬಹುಕಾಲದ ನಂತರ ಸಾಗಿಸಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಲಾಯಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ವಾಹನಗಳು ಗಿರಕಿ ಹೊಡೆಯುವ ಆ ವಿಶಾಲವಾದ ಬಯಲು ಒಂದು ಕಾಲದ ಊರು, ಹೊಲ, ಗೋಮಾಳ. ಅದು ನಿರ್ಜನವಾದುದು ತಾನಾಗಿ ಅಲ್ಲ, ಜನರನ್ನು ಎಬ್ಬಿಸಿದ್ದರಿಂದ.

ಬರಿದಾಗಿ ಕಾಣುವ ಮರಳು

ಮನುಷ್ಯರಿಲ್ಲದ ಕಡೆ ಯಾರೂ ಇಲ್ಲವೆಂದು ತಿಳಿಯುವುದೂ ತಪ್ಪು. ಹೊಳೆಯಲ್ಲಿ ನೀರಿಳಿದು ಮರಳದಿಬ್ಬ, ಹಾಸುಬಂಡೆಗಳು ತಲೆಯೆತ್ತುವ ಬೇಸಿಗೆಯೇ ನದಿ ರೀವ ಹಕ್ಕಿಯೂ ಕಲ್ಲುಗೊರವವೂ ಮೊಟ್ಟೆಯಿಡುವ ಕಾಲ. ಅವು ಗೂಡು ಕಟ್ಟುವುದಿಲ್ಲ. ಬರಿಯ ಮರಳಿನ ಮೇಲೆ, ಬಂಡೆಯ ತಗ್ಗಿನಲ್ಲಿ, ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಟ್ಟು ಕಾವು ಕೊಡುತ್ತವೆ. ಜನರ ಗುಂಪು ದಿಬ್ಬಕ್ಕೆ ಕಾಲಿಟ್ಟೊಡನೆ ತಾಯಿಹಕ್ಕಿ ಮೇಲೆದ್ದು ಸುತ್ತುತ್ತ ಕೂಗುತ್ತದೆ. ಕೆಳಗಿರುವವರಿಗೆ ಅದು ಸುಂದರ ದೃಶ್ಯ. ಅಷ್ಟರಲ್ಲಿ ಬಿಸಿಲಿಗೆ ಮೊಟ್ಟೆಯೊಳಗಿನ ಜೀವ ಬೇಯುತ್ತದೆ. ಇಲ್ಲವೇ ಕಾಗೆ, ನಾಯಿಗಳ ಪಾಲಾಗುತ್ತದೆ. ಶಾಲೆಗೆ ರಜೆ ಬರುವ ತಿಂಗಳುಗಳೂ ಈ ಹಕ್ಕಿಗಳ ಬಾಣಂತನದ ತಿಂಗಳುಗಳೂ ಒಂದೇ ಆಗಿರುವುದು ಹೊಳೆಯ ದುರದೃಷ್ಟ.

ಮಡುಗಳ ಮಾತೂ ಇದೇ. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ಮೀನುಗಳು ಉಸಿರು ಹಿಡಿದು ಉಳಿಯುವುದು ಆಳವಾದ ಮಡುಗಳಲ್ಲಿ. ಅವನ್ನು ನಂಬಿ ನೀರುನಾಯಿ ಬಾಳುತ್ತದೆ. ನೂರಾರು ಜನ ಸಾಬೂನು, ಶಾಂಪೂ ಹಚ್ಚಿ ಇಳಿಯುವ ಮಡುವಿನಿಂದ ಅವು ಹೋಗುವುದಾದರೂ ಎಲ್ಲಿಗೆ?

ನೀರಿನ ಸುಳಿ

ಇನ್ನು ‘ಈಜುಕೊಳ’ ಎಂಬ ಮಾತು. ಈಜುಕೊಳಕ್ಕೆ ಅಳೆದ ಆಳವಿರುತ್ತದೆ, ನಿಂತ ನೀರಿರುತ್ತದೆ. ಕಾವೇರಿಯ ಮಡುವಿಗೆ ಎರಡೂ ಇಲ್ಲ. ಹೊಳೆಯ ತಳದ ಗಟ್ಟಿ ಬಂಡೆಯಲ್ಲಿ ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ಸಾವಿರಾರು ವರ್ಷ ಗಿರಗಿರನೆ ತಿರುಗಿ, ಒರಳಿನಂತಹ ಕುಳಿಗಳನ್ನು ಕೊರೆದಿವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುವವನ ಮುಂದಿನ ಹೆಜ್ಜೆಗೆ ಆಳಕ್ಕಿಂತ ಆಳವಾದ ಕುಳಿ ಎದುರಾಗಬಹುದು. ಮರಳು ಬಗೆದ ಕಡೆಗಳಲ್ಲಿ ಮನುಷ್ಯನೇ ತೋಡಿದ ಗುಂಡಿಗಳೂ ಇವಕ್ಕೆ ಸೇರಿವೆ.

ಒಡ್ಡಿನ ಬುಡ ಇನ್ನೂ ಅಪಾಯಕಾರಿ. ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ, ಮತ್ತೆ ಮೇಲೆದ್ದು ಒಡ್ಡಿನ ಕಡೆಗೇ ಹಿಂದಿರುಗುತ್ತದೆ. ಅದರಲ್ಲಿ ಸಿಕ್ಕಿದವನನ್ನು ನೀರು ಉರುಳಿಸುತ್ತಲೇ ಇರುತ್ತದೆ. ನುರಿತ ಈಜುಗಾರನೂ ದಡದ ಕಡೆಗೆ ಸಾಗಲಾರ. ಜೊತೆಗೆ ಪಾಚಿ ಕಟ್ಟಿದ ಕಲ್ಲು. ಮೇಲುಗಡೆಯಲ್ಲಿ 49.45 ಟಿಎಂಸಿ ನೀರನ್ನು ಹಿಡಿಯಬಲ್ಲ ಕನ್ನಂಬಾಡಿ ಕಟ್ಟೆಯಿದೆ. ಅಲ್ಲಿಂದ ಬಿಡುವ ನೀರು ಹೆಚ್ಚಾದರೆ ಬಂಡೆಯ ಮೇಲೆ ಕುಳಿತವರಿಗೆ ಹಿಂದಿರುಗುವ ದಾರಿ ಉಳಿಯುವುದಿಲ್ಲ. ಬಲಮುರಿ, ಎಡಮುರಿಗಳಲ್ಲಿ ಮುಳುಗಿ ಸತ್ತ ವಿದ್ಯಾರ್ಥಿಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸುದ್ದಿಯ ನಂತರವೂ ಒಂದು ಎಚ್ಚರಿಕೆಯ ಫಲಕ, ಕೆಲದಿನದ ನಿರ್ಬಂಧ. ಮುಂದಿನ ಬೇಸಿಗೆಗೆ ಎಲ್ಲವೂ ಮೊದಲಿನಂತೆಯೇ.

ರಂಗನತಿಟ್ಟಿನ ಪಾಠ

ಹಾಗಾದರೆ ಹೊಳೆಗೆ ಬೇಲಿ ಹಾಕಬೇಕೇ? ಉತ್ತರ ಅದೇ ಹೊಳೆಯಲ್ಲಿ, ಬಲಮುರಿಯಿಂದ ತುಸು ಕೆಳಗೆ ಇದೆ. ರಂಗನತಿಟ್ಟಿನ ದ್ವೀಪಗಳೂ ಒಡ್ಡಿನ ಮಕ್ಕಳೇ. 1645-48ರ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಅವು ರೂಪುಗೊಂಡವು. ಅಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಅರಸರ ಮನವೊಲಿಸಿದ ಫಲವಾಗಿ 1940ರಲ್ಲಿ ಅದು ಪಕ್ಷಿಧಾಮವಾಯಿತು. ಇಂದಿಗೂ ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚಕೊಕ್ಕು, ಬಾಯ್ಕಳಕಗಳು ಸಂಸಾರ ಹೂಡುತ್ತವೆ. ಮೊಸಳೆಯೂ ನೀರುನಾಯಿಯೂ ಇವೆ. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು.

ಅಲ್ಲಿಗೂ ಜನ ಹೋಗುತ್ತಾರೆ, ಸಾವಿರಾರು ಸಂಖ್ಯೆಯಲ್ಲಿ. ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ಹತ್ತಿರದಿಂದ ಕಂಡು ನಲಿಯುತ್ತಾರೆ. ಆದರೆ ಯಾರೂ ದ್ವೀಪದ ಮೇಲೆ ಕಾಲಿಡುವಂತಿಲ್ಲ. ಹೊಳೆ ಉಕ್ಕಿದಾಗ ದೋಣಿ ಹೊರಡುವುದಿಲ್ಲ. ಇವೆರಡೇ ಕಟ್ಟಳೆಗಳು ಹಕ್ಕಿಯನ್ನೂ ನೋಡುಗನನ್ನೂ ಕಾದಿವೆ. ಒಂದೇ ಹೊಳೆ, ಒಂದೇ ಬಗೆಯ ಒಡ್ಡು. ಒಂದು ಕಡೆ ಮರಿಗಳ ಕಲರವ, ಇನ್ನೊಂದು ಕಡೆ ಬಾಟಲಿಗಳ ರಾಶಿ. ಅಂತರವಿರುವುದು ಮಿತಿಯಲ್ಲಿ ಮಾತ್ರ.

ಹೊರಜಗತ್ತೂ ಇದನ್ನು ತಡವಾಗಿ ಕಲಿತಿದೆ. ಥಾಯ್ಲೆಂಡಿನ ದ್ವೀಪವೊಂದರ ಮಾಯಾ ಕೊಲ್ಲಿ, 2000ದಲ್ಲಿ ತೆರೆಕಂಡ ಚಲನಚಿತ್ರವೊಂದರಿಂದ ‘ಗುಪ್ತ ಸ್ವರ್ಗ’ವೆಂದು ಹೆಸರಾಯಿತು. ಬಂದವರ ಭಾರಕ್ಕೆ ಹವಳದ ದಿಬ್ಬಗಳು ನಾಶವಾಗಿ, 2018ರ ಜೂನ್‌ನಲ್ಲಿ ಅದನ್ನು ಮುಚ್ಚಬೇಕಾಯಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ಕೊಲ್ಲಿಯೊಳಗೆ ದೋಣಿಗಳಿಗೆ ಪ್ರವೇಶವಿರಲಿಲ್ಲ, ಬರುವವರ ಸಂಖ್ಯೆಗೆ ಮಿತಿಯಿತ್ತು. ಬಿಡುವು ಸಿಕ್ಕಿದ ಆ ವರ್ಷಗಳಲ್ಲಿ ಶಾರ್ಕ್ ಮೀನುಗಳು ಕೊಲ್ಲಿಗೆ ಮರಳಿದ್ದವು.

ಮಾಡಬೇಕಾದುದು

ಬರಿಯ ನಿಷೇಧದಿಂದ ಹೊಳೆ ಉಳಿಯದು. ಬಲಮುರಿಯಲ್ಲಿ ತಡೆದರೆ, ಕಾವಲಿಲ್ಲದ ಮತ್ತೊಂದು ಮಡುವಿಗೆ ಜನ ಹೋಗುತ್ತಾರೆ. ಅಲ್ಲಿ ಮುಳುಗಿದವನನ್ನು ಎತ್ತಲು ಯಾರೂ ಇರುವುದಿಲ್ಲ. ದಂಡೆಯಲ್ಲಿ ಮೀನು ಹುರಿದು ಮಾರುವವರ, ಎಳನೀರು ಕೊಚ್ಚಿ ಕೊಡುವವರ ಅನ್ನವೂ ಹೋಗುತ್ತದೆ. ಬೇಕಾದುದು ಊರಿನವರೇ ಕೂಡಿ ಹಾಕುವ ಮಿತಿ. ಹೊಳೆಯನ್ನು ಬಲ್ಲ ಮೀನುಗಾರರು, ನಾಲೆಯ ರೈತರು ಮತ್ತು ಗ್ರಾಮ ಪಂಚಾಯಿತಿ ಕುಳಿತು, ತಳವನ್ನು ಅಳೆದು ನೋಡಿ, ಇಳಿಯಬಹುದಾದ ಒಂದು ಜಾಗವನ್ನು ಗುರುತಿಸಬೇಕು. ಒಡ್ಡಿನ ಬುಡ ಮತ್ತು ಮಡುಗಳನ್ನು ಸಂಪೂರ್ಣವಾಗಿ ಬಿಡಬೇಕು. ಮೊಟ್ಟೆಯ ತಿಂಗಳುಗಳಲ್ಲಿ ಮರಳದಿಬ್ಬಗಳಿಗೆ ಪ್ರವೇಶ ಬೇಡ. ಗಾಜಿನ ಬಾಟಲಿ ದಂಡೆಗೆ ಬರಕೂಡದು. ನೀರು ಬಿಡುವ ಮುನ್ನಿನ ಸೂಚನೆ ಕಚೇರಿಯಿಂದ ಕಚೇರಿಗೆ ಹೋದರೆ ಸಾಲದು, ಹೊಳೆಯಲ್ಲಿರುವವರ ಕಿವಿಗೆ ಮುಟ್ಟಬೇಕು. ವಾಹನ ನಿಲುಗಡೆಯ ಹಣದಿಂದ ಈಜುಬಲ್ಲ ಊರಿನ ಯುವಕರನ್ನೇ ಕಾವಲಿಗೆ ನೇಮಿಸಬೇಕು.

ಈ ಮಾತು ಹೊಳೆದಂಡೆಯವರಿಗಷ್ಟೇ ಅಲ್ಲ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟುವ ಲೋಕಪಾವನಿ ಪಾಂಡವಪುರ ಸೀಮೆಯನ್ನು ಹಾದು, ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಹೇಮಾವತಿ ಬರುವುದು ಚಿಕ್ಕಮಗಳೂರಿನ ಬೆಟ್ಟಗಳಿಂದ. ಬೆಟ್ಟದ ಹಳ್ಳದಲ್ಲಿ ಬಿಸಾಡಿದ್ದು ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ತೇಲುತ್ತದೆ. ಬೆಟ್ಟದ ಊರುಗಳ ಹಳ್ಳ, ಝರಿಗಳಿಗೂ ಈಗ ಪ್ರವಾಸಿಗರ ದಾರಿ ತೆರೆದಿದೆ. ಬಲಮುರಿಯಲ್ಲಿ ಆದುದು ಅಲ್ಲಿ ಆಗುವ ಮೊದಲೇ ಪ್ರತಿ ಗ್ರಾಮಸಭೆಯೂ ತನ್ನ ಮಡುವಿಗೆ ಮಿತಿಯನ್ನು ಬರೆದುಕೊಳ್ಳುವುದು ಒಳ್ಳೆಯದು. ಮುಂದಿನ ರಜೆಗೆ ಹೊಳೆಗೆ ಹೊರಡುವ ವಿದ್ಯಾರ್ಥಿ, ನೀರಿಗೆ ಇಳಿಯುವ ಮುನ್ನ ದಂಡೆಯ ಹಿರಿಯರೊಬ್ಬರನ್ನು ‘ಇಲ್ಲಿ ಇಳಿಯಬಹುದೇ?’ ಎಂದು ಕೇಳಲಿ. ‘ಬೇಡ’ವೆಂದರೆ ದಡದಲ್ಲಿ ಕುಳಿತು ಹೊಳೆಯನ್ನು ನೋಡಲಿ. ಹೊಳೆಗೆ ಹೋದವರು ಮನೆಗೆ ಮರಳುವುದಕ್ಕೂ, ಮರಳಿನ ಮೇಲಿನ ಮೊಟ್ಟೆ ಮರಿಯಾಗುವುದಕ್ಕೂ ಅಷ್ಟು ಸಾಕು.