ಹೊಸಬರೂ ಅರ್ಥಾಂತರವೂ

ಅಮಾವಾಸ್ಯೆಯ ದಿವಸ ನಮ್ಮ ಉಕ್ಕಡಗಾತ್ರಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಮೊದಲ ಸಲ ಬಂದವರು ಹೊಳೆಗೆ ಇಳಿಯುವುದೆಲ್ಲಿ, ಸಾಲು ನಿಲ್ಲುವುದೆಲ್ಲಿ ಎಂಬುದನ್ನರಿಯದೆ ಎದುರಿಗೆ ಸಿಕ್ಕವರನ್ನೆಲ್ಲ ಕೇಳುವರು. ತೆಂಗಿನಕಾಯಿ ಮಾರುವ ಮುದುಕಿಯೊಬ್ಬಳು ಬೆಳಗಿನಿಂದ ನೂರು ಸಲ, "ಮೊದಲು ಹೊಳಿಗೆ ಹೋಗಿ ಬಾರವ್ವಾ, ಆಮ್ಯಾಲೆ ಸಾಲಿಗೆ ನಿಲ್ಲು" ಎನ್ನುವುದನ್ನು ನಾವು ಕೇಳಿದ್ದೇವೆ. ಸಂಜೆಯ ವೇಳೆಗೆ ಆಕೆಯ ಧ್ವನಿ ಗಡುಸಾಗುವುದುಂಟು; ಆದರೆ ದಾರಿ ಹೇಳದೆ ಅಟ್ಟಿದ್ದನ್ನು ಕಾಣೆವು.

ನಮ್ಮ ತಂಗಿಯ ಮೊಮ್ಮಗನ ಪಾಡು ಬೇರೆಯಾಯಿತು. ಊರಿನ ಹಿರಿಯರ ಬಾಯಿಂದ ಕೇಳಿ ನಾವು ಸಂಗ್ರಹಿಸಿದ್ದ ಹಾಡುಗಳನ್ನು ಯೂನಿಕೋಡ್ ರೂಢಿಗೆ ಬರುವ ಮುಂಚಿನ ಫಾಂಟಿನಲ್ಲಿ ಟೈಪು ಮಾಡಿಸಿದ್ದೆವು. ಆ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುವಾದ್ದರಿಂದ, ಹೊಸ ಯಂತ್ರದಲ್ಲಿ ತೆರೆದಾಗ ಎಲ್ಲವೂ ಅರ್ಥವಿಲ್ಲದ ಚಿಹ್ನೆಗಳಾದುವು. ಹುಡುಗನು ಪ್ರೋಗ್ರಾಮು ಬರೆಯುವ ತಜ್ಞರು ಅಂತರಜಾಲದಲ್ಲಿ ಕೂಡುವ ಒಂದು ಕೂಟದಲ್ಲಿ ಪರಿಹಾರವನ್ನು ಕೇಳಿದನು. "ಇದು ಇಲ್ಲಿಯ ವಿಷಯವಲ್ಲ, ನಿಯಮ ಓದಿ ಬಾ" ಎಂದು ಉತ್ತರ ಬಂದಿತು, ಪ್ರಶ್ನೆಯನ್ನೂ ಅಳಿಸಿದರು. ಹುಡುಗನು ಮತ್ತೆ ಯಾರನ್ನೂ ಕೇಳಲಿಲ್ಲ. ಎಂಟು ತಿಂಗಳ ಮೇಲೆ ಹರಿಹರದ ಅಚ್ಚುಕೂಟದವರೊಬ್ಬರು, ಅದಕ್ಕೆ ಪರಿವರ್ತಕವೆಂಬ ಸಣ್ಣ ಸಾಧನವಿದೆಯೆಂದು ಒಂದೇ ಮಾತಿನಲ್ಲಿ ತಿಳಿಸಿದರು. ಹಾಡುಗಳೇನೋ ಮರಳಿದುವು. ಅವುಗಳಲ್ಲಿಯ ಸಂದೇಹಗಳನ್ನು ಬಿಡಿಸಬಲ್ಲವರಾಗಿದ್ದ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು.

ಗೌತಮರ ನ್ಯಾಯಸೂತ್ರದಲ್ಲಿ ಹೇಳಿರುವ 22 ನಿಗ್ರಹಸ್ಥಾನಗಳಲ್ಲಿ ಅರ್ಥಾಂತರವೂ ಒಂದು. ಪ್ರಕೃತವನ್ನು ಬಿಟ್ಟು ಸಂಬಂಧವಿಲ್ಲದ್ದನ್ನು ಆಡುವುದೇ ಅರ್ಥಾಂತರ. ಗೆಲ್ಲುವುದಕ್ಕಾಗಿ ನಡೆಯುವ ಜಲ್ಪದಲ್ಲಿ ಇದನ್ನು ಹಿಡಿದು ಎದುರಾಳಿಯ ಬಾಯನ್ನು ಮುಚ್ಚಿಸಬಹುದು. ಆದರೆ ಗುರುಶಿಷ್ಯರೂ ಸಹಪಾಠಿಗಳೂ ತತ್ತ್ವವನ್ನು ತಿಳಿಯಬೇಕೆಂದು ನಡೆಸುವ ವಾದದಲ್ಲಿ ನೈಯಾಯಿಕರು ಎತ್ತಿ ತೋರಿಸಗೊಡುವ ನಿಗ್ರಹಸ್ಥಾನಗಳು ಕೆಲವೇ. ಅರ್ಥಾಂತರವು ಅವುಗಳಲ್ಲಿ ಸೇರಿಲ್ಲ. ಈ ಭೇದವನ್ನು ಕಾಶಿಯ ಪಂಡಿತರಿಗೆ ಮಾತ್ರ ಬಿಟ್ಟುಕೊಡಬೇಕಾದುದಿಲ್ಲವೆಂದು ನಮಗೆ ತೋರುತ್ತದೆ.

ಹಳಬರ ಕಷ್ಟವೂ ಸುಳ್ಳಲ್ಲ. ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಕಾಲೇಜಿನ ಹೊಸ ವಿದ್ಯಾರ್ಥಿಗಳು ಬಂದು, ಕೆಲವು ವಾರಗಳಲ್ಲಿ ಅಲ್ಲಿಯ ರೀತಿಯನ್ನು ಕಲಿಯುತ್ತಿದ್ದರು. 1993ರಿಂದ ಈ ಪ್ರವಾಹವು ನಿಲ್ಲದೆ ಹೋಗಲು, ಹಳಬರು ಅದನ್ನು ಮುಗಿಯದ ಸೆಪ್ಟೆಂಬರೆಂದು ಕರೆದರು. ಸಂಬಳವಿಲ್ಲದೆ ಉತ್ತರ ಹೇಳುವವನು ಬೇಸತ್ತು ಎದ್ದುಹೋದರೆ ಕೂಟದಲ್ಲಿ ಉಳಿಯುವುದೇನು? ಆದಕಾರಣ ಎರಡು ಸಲ ತಿಳಿಸಿದ ಮೇಲೆಯೂ ವ್ಯಾಪಾರದ ಜಾಹೀರಾತನ್ನೋ ರಾಜಕೀಯದ ಜಗಳವನ್ನೋ ತಂದು ಸುರಿಯುವವನ ಬರಹವನ್ನು ಅಳಿಸಿದರೆ ನಮ್ಮ ಆಕ್ಷೇಪಣೆಯಿಲ್ಲ. ಮೊದಲ ಸಲ ಬಂದವನ ಮಾತನ್ನು ಮಾತ್ರ ಅಳಿಸದೆ ತಕ್ಕ ಸ್ಥಳಕ್ಕೆ ಒಯ್ಯಬೇಕು. ಒಯ್ದೆವೆಂದು ಅವನಿಗೆ ಒಂದು ಸಾಲು ಬರೆಯಬೇಕು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇದಕ್ಕೆ ಏರ್ಪಾಡುಂಟು. ಒಂದೊಂದು ಲೇಖನಕ್ಕೂ ಅದರದೇ ಚರ್ಚೆಪುಟ. ಯಾವ ಲೇಖನಕ್ಕೂ ಸೇರದ ಮಾತಿಗೆ ಅರಳಿಕಟ್ಟೆ. ಕೈ ಪಳಗದವರಿಗೆ ಪ್ರಯೋಗಪುಟ. ಹೊಸಬರ ಮೇಲೆ ಹರಿಹಾಯಬಾರದೆಂಬುದು ವಿಕಿಪೀಡಿಯದ ಮಾರ್ಗಸೂಚಿಗಳಲ್ಲೊಂದು. ಅರಳಿಕಟ್ಟೆಯೆಂದು ಹೆಸರಿಟ್ಟವರು ಹಳ್ಳಿಯನ್ನು ಬಲ್ಲವರೇ ಇರಬೇಕು.

ಹೋದ ತಿಂಗಳು ನಮ್ಮ ಹುಡುಗನು ಆ ಪ್ರಯೋಗಪುಟದಲ್ಲಿ ಊರಿನ ವಿಚಾರವಾಗಿ ನಾಲ್ಕು ಸಾಲು ಬರೆದು, ಅಂಜುತ್ತಂಜುತ್ತ ನಮಗೆ ತೋರಿಸಿದನು. ಕಾಗುಣಿತದ ತಪ್ಪುಗಳು ಎರಡಿದ್ದುವು. "ಅದು ಇವತ್ತಿನ ಪಾಠವಲ್ಲ, ಕೂತುಕೊ" ಎಂದು ಉಪಾಧ್ಯಾಯ ವೃತ್ತಿಯಲ್ಲಿ ನಾವೇ ಎಷ್ಟು ಮಂದಿ ಮಕ್ಕಳನ್ನು ಕೂಡ್ರಿಸಿದ್ದೆವೋ ಲೆಕ್ಕವಿಟ್ಟಿಲ್ಲ. ಈ ಸಲ ನಾಲ್ಕು ಸಾಲನ್ನೂ ಕಡೆಯವರೆಗೆ ಓದಿ, ಆಮೇಲೆ ಕನ್ನಡಕವನ್ನು ಸರಿಪಡಿಸಿಕೊಂಡು ತಪ್ಪಿನ ಕಡೆಗೆ ಬಂದೆವು.