ಮನವಿ ಪತ್ರ: ತಡೆಹಿಡಿದಿರುವ ಇಂಟರ್ನ್‌ಶಿಪ್ ಫಲಿತಾಂಶ ಬಿಡುಗಡೆ ಮಾಡುವ ಬಗ್ಗೆ

ದಿನಾಂಕ: ಸೆಪ್ಟೆಂಬರ್ 24

ಗೆ,
ಮಾನ್ಯ ಕುಲಪತಿಗಳು ಹಾಗೂ
ಮಾನ್ಯ ಕುಲಸಚಿವರು (ಮೌಲ್ಯಮಾಪನ)

ಇಂದ,
2022-23ರಲ್ಲಿ ಪ್ರವೇಶ ಪಡೆದ ಬಿ.ಕಾಂ., ಬಿ.ಬಿ.ಎ., ಬಿ.ಎಸ್.ಡಬ್ಲ್ಯೂ. ಮತ್ತು ಬಿ.ಎ. ಪತ್ರಿಕೋದ್ಯಮ ವಿದ್ಯಾರ್ಥಿಗಳು,
ವಿಶ್ವವಿದ್ಯಾಲಯದ ಘಟಕ ಕಾಲೇಜು

ವಿಷಯ: 31 ವಿದ್ಯಾರ್ಥಿಗಳ ಆರನೇ ಸೆಮಿಸ್ಟರ್ ಫಲಿತಾಂಶ ಬಿಡುಗಡೆ ಮಾಡಿ, ಇಂಟರ್ನ್‌ಶಿಪ್ ವ್ಯವಸ್ಥೆಯನ್ನು ಸರಿಪಡಿಸುವಂತೆ ಕೋರಿ ನಾಲ್ಕನೇ ಮನವಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಆಗಸ್ಟ್ 4ರಂದು ಪ್ರಕಟವಾದ ಫಲಿತಾಂಶದಲ್ಲಿ ನಮ್ಮ 31 ಮಂದಿಯ ಹೆಸರಿನ ಮುಂದೆ ‘ತಡೆಹಿಡಿಯಲಾಗಿದೆ’ ಎಂದು ಬಂದಿದೆ. ಇವತ್ತಿಗೆ 51 ದಿನ. ಈ 31 ಮಂದಿಯಲ್ಲಿ ಯಾರೂ ಯಾವ ವಿಷಯದಲ್ಲೂ ಅನುತ್ತೀರ್ಣರಲ್ಲ. ಮೂವರನ್ನು ಬಿಟ್ಟರೆ ಉಳಿದ ಎಲ್ಲರೂ ಇಂಟರ್ನ್‌ಶಿಪ್ ಮೌಖಿಕ ಪರೀಕ್ಷೆಗೂ ಹಾಜರಾಗಿದ್ದೇವೆ. ಆ ಮೂವರ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ಅರಿಕೆ ಮಾಡಿಕೊಂಡಿದ್ದೇವೆ.

1. ಮುಖ್ಯ ಅಹವಾಲು: ನಮೂನೆ-4

ಇಂಟರ್ನ್‌ಶಿಪ್‌ಗೆ ಎರಡು ಕ್ರೆಡಿಟ್, ಒಂದು ಕ್ರೆಡಿಟ್‌ಗೆ 30 ಗಂಟೆ, ಒಟ್ಟು 60 ಗಂಟೆಯ ಕೆಲಸ. ಇದು ತಮಗೆ ತಿಳಿದದ್ದೇ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಾವು ಈ ಕೆಲಸ ಮುಗಿಸಿದೆವು. ಏಪ್ರಿಲ್‌ನಲ್ಲಿ ವರದಿ ಒಪ್ಪಿಸಿದೆವು. ಮೇ ಎರಡನೇ ವಾರದಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ಕೆಲಸ ಮಾಡಿದ ಸಂಸ್ಥೆಗಳು ತಮ್ಮ ಲೆಟರ್‌ಹೆಡ್‌ನಲ್ಲಿ ಕೊಟ್ಟ ಪ್ರಮಾಣಪತ್ರಗಳನ್ನು ವಿಭಾಗದ ಮುಖ್ಯಸ್ಥರು ಪರಿಶೀಲಿಸಿ ಸಹಿ ಮಾಡಿದ್ದಾರೆ (ಅಡಕ 1, 31 ಪ್ರತಿಗಳು).

ಇಷ್ಟೆಲ್ಲ ಮುಗಿದ ಮೇಲೆ, ಜೂನ್ 23ರಂದು ಒಂದು ಸುತ್ತೋಲೆ ಬಂತು (ಅಡಕ 2). ಅದರ ಪ್ರಕಾರ ಪ್ರಮಾಣಪತ್ರ ‘ನಮೂನೆ-4’ರಲ್ಲೇ ಇರಬೇಕು, ಸಂಸ್ಥೆಯ ಜಿಎಸ್‌ಟಿ ಸಂಖ್ಯೆ, ದುಂಡು ಮೊಹರು, ಪ್ರತಿದಿನ ಬಂದ ಮತ್ತು ಹೋದ ವೇಳೆಯ ಹಾಜರಾತಿ ಹಾಳೆ ಜೊತೆಗಿರಬೇಕು. ಇಲ್ಲವಾದರೆ ಅಂಕಗಳನ್ನು ಪರಿಗಣಿಸುವುದಿಲ್ಲ. ಮಾರ್ಚ್‌ನಲ್ಲಿ ಮುಗಿದ ಕೆಲಸಕ್ಕೆ ಜೂನ್‌ನಲ್ಲಿ ಹುಟ್ಟಿದ ನಮೂನೆಯನ್ನು ನಾವು ಎಲ್ಲಿಂದ ತರಬೇಕಿತ್ತು ಎಂಬುದನ್ನು ಸುತ್ತೋಲೆ ಹೇಳುವುದಿಲ್ಲ.

ನಮ್ಮಲ್ಲಿ 11 ಮಂದಿ ಲೆಕ್ಕಪತ್ರ ಮತ್ತು ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ, 9 ಮಂದಿ ಸ್ವಯಂಸೇವಾ ಸಂಸ್ಥೆಗಳಲ್ಲಿ, 5 ಮಂದಿ ಸ್ಥಳೀಯ ಪತ್ರಿಕೆಗಳಲ್ಲಿ, 6 ಮಂದಿ ಸಣ್ಣ ಘಟಕಗಳಲ್ಲಿ ಕೆಲಸ ಮಾಡಿದವರು. ಇವುಗಳಲ್ಲಿ ಹಲವಕ್ಕೆ ಜಿಎಸ್‌ಟಿ ಸಂಖ್ಯೆಯೇ ಇಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ ಎಂಬುದನ್ನು ನಮಗೆ ಕಲಿಸಿದ್ದು ಇದೇ ವಿಶ್ವವಿದ್ಯಾಲಯ. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇವೆ. ಅದೇ ಮಾತನ್ನು ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಹೇಳಿದರೆ ‘ವಾದ ಮಾಡಬೇಡಿ’ ಎನ್ನುತ್ತಾರೆ.

ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಬಿ.ಎಸ್.ಡಬ್ಲ್ಯೂ. ವಿದ್ಯಾರ್ಥಿಗಳು ಹೋದ ಸಂಸ್ಥೆಗಳ ಪೈಕಿ ಎರಡರ ಜೊತೆ ವಿಶ್ವವಿದ್ಯಾಲಯವೇ ಒಡಂಬಡಿಕೆ ಮಾಡಿಕೊಂಡಿದೆ (ಅಡಕ 3). ವಿಶ್ವವಿದ್ಯಾಲಯವೇ ಆರಿಸಿ, ವಿಶ್ವವಿದ್ಯಾಲಯವೇ ಕಳುಹಿಸಿದ ಸಂಸ್ಥೆಯ ಪ್ರಮಾಣಪತ್ರ ಈಗ ವಿಶ್ವವಿದ್ಯಾಲಯಕ್ಕೇ ಅಮಾನ್ಯ.

ಪತ್ರಿಕೋದ್ಯಮದ ವಿದ್ಯಾರ್ಥಿಗಳ ಪಾಡು ಬೇರೆ. ಬೆಳಿಗ್ಗೆ ಸಂತೆಯ ಸುದ್ದಿಗೆ, ಮಧ್ಯಾಹ್ನ ತಾಲ್ಲೂಕು ಕಚೇರಿಗೆ, ಸಂಜೆ ಪುಟ ಕಟ್ಟುವ ಹೊತ್ತಿಗೆ ಪತ್ರಿಕೆ ಕಚೇರಿಗೆ ಹೋದವರು ‘ಬಂದ ವೇಳೆ, ಹೋದ ವೇಳೆ’ಯನ್ನು ಯಾವ ಪುಸ್ತಕದಲ್ಲಿ ಬರೆಯಬೇಕಿತ್ತು? ಅವರು ಬರೆದು ಅಚ್ಚಾದ ಸುದ್ದಿಗಳ ತುಣುಕುಗಳನ್ನು ಲಗತ್ತಿಸಿದ್ದೇವೆ (ಅಡಕ 4). ಹಾಜರಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕೋ ನಮಗೆ ತಿಳಿಯದು.

ಹೊಸ ನಮೂನೆಗಾಗಿ ನಾವು ಸಂಸ್ಥೆಗಳಿಗೆ ಮತ್ತೆ ಅಲೆದಿದ್ದೇವೆ. ಒಂದು ಘಟಕ ಮುಚ್ಚಿದೆ. ಎರಡು ಕಡೆ ಸಹಿ ಮಾಡಬೇಕಾದವರು ಕೆಲಸ ಬಿಟ್ಟು ಹೋಗಿದ್ದಾರೆ. ಒಂದು ಕಡೆ ‘ಒಮ್ಮೆ ಕೊಟ್ಟಾಯಿತು, ಮತ್ತೆ ಬೇಕಾದರೆ 1,500 ರೂಪಾಯಿ’ ಎಂದರು. ಹಣ ಕೊಟ್ಟು ತಂದ ವಿದ್ಯಾರ್ಥಿಯ ನಮೂನೆಯನ್ನು ಮೊಹರು ದುಂಡಾಗಿಲ್ಲ, ಚೌಕಾಕಾರವಾಗಿದೆ ಎಂಬ ಕಾರಣಕ್ಕೆ ವಾಪಸು ಕಳುಹಿಸಲಾಗಿದೆ (ಅಡಕ 5).

2. ಹಿಂದಿನ ಮನವಿಗಳು

ಆಗಸ್ಟ್ 7ರಂದು ಪ್ರಾಂಶುಪಾಲರಿಗೆ ಮನವಿ ಕೊಟ್ಟೆವು. ಅವರು ಶಿಫಾರಸು ಮಾಡಿ ಮುಂದಕ್ಕೆ ಕಳುಹಿಸಿದರು. ಅವರ ಸಹಕಾರವನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಆಗಸ್ಟ್ 18ರಂದು ಪರೀಕ್ಷಾ ವಿಭಾಗಕ್ಕೆ ಕೊಟ್ಟೆವು. ‘ಕಡತ ಮೇಲಕ್ಕೆ ಹೋಗಿದೆ’ ಎಂದರು. ಆಗಸ್ಟ್ 30ರಂದು ಮೇಲಿನವರಿಗೆ ಕೊಟ್ಟೆವು. ‘ಕಡತ ಕೆಳಗಿದೆ’ ಎಂದರು. ಮೂರೂ ಮನವಿಗಳ ಸ್ವೀಕೃತಿ ಪ್ರತಿಗಳು ಅಡಕ 6ರಲ್ಲಿವೆ.

ಈ ನಡುವೆ ಆಗಸ್ಟ್ 20ರಂದು ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ ಎರಡೇ ಪ್ರಶ್ನೆ ಕೇಳಿದೆವು: ನಮೂನೆ-4ಕ್ಕೆ ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಇದೆಯೇ? ಅದನ್ನು ಹಿಂದಿನ ದಿನಾಂಕದಿಂದ ಜಾರಿ ಮಾಡಲು ಆದೇಶ ಇದೆಯೇ? ಸೆಪ್ಟೆಂಬರ್ 17ರಂದು ಉತ್ತರ ಬಂದಿದೆ: ‘ಸದರಿ ಮಾಹಿತಿ ಕಡತದಲ್ಲಿ ಲಭ್ಯವಿರುವುದಿಲ್ಲ’ (ಅಡಕ 7). ಒಪ್ಪಿಗೆಯೇ ಕಡತದಲ್ಲಿಲ್ಲದ ಒಂದು ಹಾಳೆಗಾಗಿ 31 ಮನೆಗಳ ನಿದ್ದೆ ಹೋಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಲ್ಲಿ ಬರೆಯಬಾರದು ಎಂದು ನಮ್ಮಲ್ಲೇ ಕೆಲವರು ಹೇಳಿದರು. ಬರೆದದ್ದು ತಪ್ಪಾಗಿದ್ದರೆ ಕ್ಷಮೆಯಿರಲಿ.

ತಡೆಹಿಡಿದ ಫಲಿತಾಂಶಕ್ಕೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ಸಿಗುವುದಿಲ್ಲ. ಅದಿಲ್ಲದೆ ಇಬ್ಬರ ಸ್ನಾತಕೋತ್ತರ ಪ್ರವೇಶದ ದಾಖಲೆ ಪರಿಶೀಲನೆ ತಪ್ಪಿದೆ. ಒಬ್ಬಳಿಗೆ ಸಿಕ್ಕ ಕೆಲಸದ ಆದೇಶದ ಗಡುವು ಮುಗಿದಿದೆ. ಆಕೆಯ ತಂದೆ ಬಿತ್ತನೆಯ ದಿನಗಳಲ್ಲಿ ಹೊಲ ಬಿಟ್ಟು ಎರಡು ಬಾರಿ ಆಡಳಿತ ಭವನಕ್ಕೆ ಬಂದು, ಎರಡು ಬಾರಿಯೂ ಮೆಟ್ಟಿಲ ಮೇಲೆ ಕೂತು ಹೋದರು.

3. ವಿದ್ಯಾರ್ಥಿನಿಯರ ಸುರಕ್ಷತೆ

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ತರಬೇತಿಯಲ್ಲಿರುವವರೂ ಬರುತ್ತಾರೆ. ಯುಜಿಸಿಯ 2015ರ ನಿಯಮಾವಳಿಯಲ್ಲಿ ‘ಕ್ಯಾಂಪಸ್’ ಎಂದರೆ ಇಂಟರ್ನ್‌ಶಿಪ್ ನಡೆಯುವ ಜಾಗವೂ ಸೇರಿದೆ. ಆದರೂ ಹೊರಗೆ ಕೆಲಸಕ್ಕೆ ಹೋಗುವ ವಿದ್ಯಾರ್ಥಿನಿಗೆ ಏನಾದರೂ ತೊಂದರೆಯಾದರೆ ಯಾರಿಗೆ ಹೇಳಬೇಕೆಂದು ನಮಗೆ ಕೊಟ್ಟ ಯಾವ ಕಾಗದದಲ್ಲೂ ಇರಲಿಲ್ಲ. ದುಂಡು ಮೊಹರಿಗೆ ಇದ್ದ ಜಾಗ ಒಂದು ದೂರವಾಣಿ ಸಂಖ್ಯೆಗೆ ಇರಲಿಲ್ಲ.

4. ಇತರ ಕುಂದುಕೊರತೆಗಳು

(ಅ) ಸಾರಿಗೆ ಸಂಸ್ಥೆಯ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿಗೆ ಮಾತ್ರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಹೋದರಿಯರಿಗೆ ಬಸ್ಸಿನ ಖರ್ಚಿಲ್ಲ, ಅದು ಸಂತೋಷದ ವಿಷಯ. ಹುಡುಗರು ಮಾತ್ರ ಕೈಗಂಟಿನಿಂದ ಟಿಕೆಟ್ ತೆಗೆದು ಓಡಾಡಿದ್ದೇವೆ.

(ಆ) ಮಾರ್ಗದರ್ಶಕ ಪ್ರಾಧ್ಯಾಪಕರು ಒಮ್ಮೆಯಾದರೂ ಕೆಲಸದ ಸ್ಥಳಕ್ಕೆ ಭೇಟಿ ಕೊಡುವುದು ಅಪೇಕ್ಷಣೀಯ. ಅವರಿಗೆ ಪ್ರಯಾಣ ಭತ್ಯೆ ಇಲ್ಲ ಎಂಬುದೂ ನಮ್ಮ ಗಮನದಲ್ಲಿದೆ. ಅದನ್ನೂ ಮಂಜೂರು ಮಾಡುವುದು ಸೂಕ್ತ.

(ಇ) ಯುಜಿಸಿಯ 2024ರ ಇಂಟರ್ನ್‌ಶಿಪ್ ಮಾರ್ಗಸೂಚಿಯಲ್ಲಿರುವ ನೋಡಲ್ ಅಧಿಕಾರಿ ನಮ್ಮಲ್ಲಿ ಯಾರು ಎಂಬುದು ಸೂಚನಾ ಫಲಕದಲ್ಲಿ ಇಲ್ಲ. ಸೂಚನಾ ಫಲಕದ ಗಾಜು ಒಡೆದು ಬಹಳ ದಿನಗಳಾಗಿವೆ ಎಂಬುದನ್ನೂ ಈ ಸಂದರ್ಭದಲ್ಲಿ ಗಮನಕ್ಕೆ ತರುತ್ತೇವೆ.

5. ಬೇಡಿಕೆಗಳು

1. ಈಗಾಗಲೇ ಸಲ್ಲಿಸಿರುವ ಪ್ರಮಾಣಪತ್ರಗಳನ್ನೇ ಮಾನ್ಯ ಮಾಡಿ, ಏಳು ದಿನಗಳೊಳಗೆ ಎಲ್ಲ 31 ಫಲಿತಾಂಶಗಳನ್ನು ಪ್ರಕಟಿಸಬೇಕು.

2. ನಮೂನೆ-4 ಬೇಕೇ ಆಗಿದ್ದರೆ, ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಪಡೆದು, ಇಂಟರ್ನ್‌ಶಿಪ್ ಶುರುವಾಗುವ ಮೊದಲೇ ಮುಂದಿನ ತಂಡಕ್ಕೆ ಕೊಡಬೇಕು. ಜಿಎಸ್‌ಟಿ ಸಂಖ್ಯೆಯ ಷರತ್ತು ಕೈಬಿಡಬೇಕು.

3. ಫಲಿತಾಂಶ ತಡವಾದದ್ದು ವಿದ್ಯಾರ್ಥಿಗಳ ತಪ್ಪಿನಿಂದಲ್ಲ ಎಂಬ ಪತ್ರವನ್ನು ಪ್ರವೇಶ ಮತ್ತು ಉದ್ಯೋಗ ಕಳೆದುಕೊಂಡ ಮೂವರಿಗೆ ತಕ್ಷಣ ಕೊಡಬೇಕು.

4. ವಿದ್ಯಾರ್ಥಿಗಳನ್ನು ಕಳುಹಿಸುವ ಪ್ರತಿ ಪತ್ರದಲ್ಲೂ ಆಂತರಿಕ ದೂರು ಸಮಿತಿಯ ದೂರವಾಣಿ ಸಂಖ್ಯೆ ಅಚ್ಚಾಗಬೇಕು.

5. ಇಂಟರ್ನ್‌ಶಿಪ್ ಅವಧಿಯಲ್ಲಿ ಕೆಲಸದ ಸ್ಥಳದವರೆಗೂ ಪಾಸು ವಿಸ್ತರಿಸುವಂತೆ ಸಾರಿಗೆ ಸಂಸ್ಥೆಗೆ ಪತ್ರ ಬರೆಯಬೇಕು.

6. ಅಂತರಕಾಲೇಜು ಯುವಜನೋತ್ಸವದ ನಾಟಕ ತಂಡದಲ್ಲಿದ್ದ ಕಾರಣ ಮೌಖಿಕ ಪರೀಕ್ಷೆಗೆ ಬರಲಾಗದ ಮೂವರಿಗೆ ಮರುಪರೀಕ್ಷೆ ನಡೆಸಬೇಕು. ಅವರಲ್ಲೊಬ್ಬರು ಈ ಮನವಿಯ ಮೊದಲ ಸಹಿದಾರರು ಎಂಬ ಕಾರಣಕ್ಕೆ ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳಬಾರದು.

7. ಮೇಲ್ವಿಚಾರಕರ ಮತ್ತು ವಿದ್ಯಾರ್ಥಿಯ ಅಡ್ಡಹೆಸರು ಒಂದೇ ಎಂಬ ಕಾರಣಕ್ಕೆ ಯಾವ ಪ್ರಮಾಣಪತ್ರವನ್ನೂ ತಿರಸ್ಕರಿಸಬಾರದು. ನಮ್ಮ ಊರುಗಳಲ್ಲಿ ಒಂದೇ ಅಡ್ಡಹೆಸರಿನ ಹತ್ತಾರು ಮನೆಗಳಿರುತ್ತವೆ.

8. ಫಲಿತಾಂಶ ಬರುವವರೆಗೆ ವಿದ್ಯಾರ್ಥಿನಿಲಯದ ನಾಲ್ವರಿಗೆ ಈಗಿರುವ ಕೊಠಡಿಗಳಲ್ಲೇ, ಶುಲ್ಕವಿಲ್ಲದೆ ಇರಲು ಅವಕಾಶ ಕೊಡಬೇಕು.

9. ಇಂಟರ್ನ್‌ಶಿಪ್ ಮೇಲ್ವಿಚಾರಣಾ ಸಮಿತಿ ರಚಿಸಿ ವಿದ್ಯಾರ್ಥಿ ಪ್ರತಿನಿಧಿಯೊಬ್ಬರನ್ನು ಸೇರಿಸಬೇಕು. ಈ ಹೋರಾಟದಲ್ಲಿ ಅನುಭವ ಪಡೆದವರನ್ನೇ ಪರಿಗಣಿಸುವುದು ಉಚಿತ.

ಮಾನ್ಯರೇ, 2024-25ರಿಂದ ರಾಜ್ಯವು ಹಳೆಯ ಮೂರು ವರ್ಷದ ಪದವಿ ಪದ್ಧತಿಗೆ ಮರಳಿದೆ. ನಮ್ಮ ಪಠ್ಯಕ್ರಮದಲ್ಲಿ ನಮ್ಮ ಹಿಂದೆ ಉಳಿದಿರುವುದು ಒಂದೇ ತಂಡ. ಅವರೂ ಹೊರಟುಹೋದ ಮೇಲೆ ನಮ್ಮ ಕಡತ ಯಾರಿಗೂ ಬೇಡದ, ಕೈಬಿಟ್ಟ ಪದ್ಧತಿಯ ಕಾಗದವಾಗುತ್ತದೆ. ಆಗ ಅದನ್ನು ಓದಿ ಅರ್ಥಮಾಡಿಕೊಳ್ಳುವವರೇ ಕಚೇರಿಯಲ್ಲಿ ಇರಲಿಕ್ಕಿಲ್ಲ. ಆದ್ದರಿಂದಲೇ ಈ ಅವಸರ, ಈ ಕಟುಮಾತು.

ಅಕ್ಟೋಬರ್ 6ರೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಆಡಳಿತ ಭವನದ ಮುಂದೆ ಶಾಂತಿಯುತ ಧರಣಿ ಕೂರುವುದು ಅನಿವಾರ್ಯವಾಗುತ್ತದೆ. ಅದಕ್ಕೆ ಅವಕಾಶ ಕೊಡದೆ ತಾವು ನ್ಯಾಯ ಒದಗಿಸುತ್ತೀರೆಂದು ನಂಬಿದ್ದೇವೆ.



ತಮ್ಮ ವಿಶ್ವಾಸಿಗಳು
(31 ವಿದ್ಯಾರ್ಥಿಗಳ ಸಹಿ, ನೋಂದಣಿ ಸಂಖ್ಯೆ ಸಹಿತ)

ಪ್ರತಿ: ಪ್ರಾಂಶುಪಾಲರಿಗೆ ಮಾಹಿತಿಗಾಗಿ, ಸಿಂಡಿಕೇಟ್ ಸದಸ್ಯರಿಗೆ ಅವಗಾಹನೆಗಾಗಿ.

ವಿ.ಸೂ.: ಹಿಂದಿನ ಮೂರು ಮನವಿಗಳು ಕಚೇರಿಯಲ್ಲಿ ಸಿಗುತ್ತಿಲ್ಲ ಎಂದು ತಿಳಿಸಲಾಗಿರುವುದರಿಂದ, ಈ ಮನವಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಲಾಗಿದೆ. ಟಪಾಲು ವಿಭಾಗದವರು ಮೂರಕ್ಕೂ ಮೊಹರು ಹಾಕಿಕೊಡಬೇಕಾಗಿ ವಿನಂತಿ. ದುಂಡಗಿದ್ದರೂ ಸರಿ, ಚೌಕವಿದ್ದರೂ ಸರಿ.