ಥರ್ಮಾಕೋಲ್ ಸಾಕು, ಸನ್‌ಬೋರ್ಡ್ ಬೇಕು

ಕಳೆದ ವಾರ್ಷಿಕೋತ್ಸವಕ್ಕೆ ಕಾಲೇಜಿನ ಹಳೆಯ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಥರ್ಮಾಕೋಲ್‌ಗೆ ಅಂಟಿಸಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಟೇಪ್ ಬಿಟ್ಟು, ಹುಡುಗಿಯರ ಮೊದಲ ಬ್ಯಾಚಿನ ಫೋಟೋ ನೆಲಕ್ಕೆ ಬಿದ್ದು ಮೂಲೆ ಮುರಿಯಿತು. ಅದರಲ್ಲಿ ನನ್ನ ಖಾಲಾ ಇದ್ದಾರೆ. ಅಗ್ಗವೆಂದು ಥರ್ಮಾಕೋಲ್ ಆರಿಸಿದ್ದು ನಾನೇ. ದಿನವೂ ಸವಕಳಿ ಲೆಕ್ಕ ಬಿಡಿಸುವ ನನಗೆ, ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಬೇಕೆಂದು ಹೊಳೆಯಲಿಲ್ಲ.

ಈ ಸಲ ಸನ್‌ಬೋರ್ಡ್ ಬಳಸೋಣ. ಅದು ಹಗುರವಾದ ಪಿವಿಸಿ ಹಲಗೆ, ತೇವಕ್ಕೆ ಉಬ್ಬುವುದಿಲ್ಲ. 3 ಮಿ.ಮೀ. ದೊಡ್ಡ ಪ್ರಿಂಟಿಗೆ ಬಾಗುತ್ತದೆ, 5 ಮಿ.ಮೀ. ಇರಲಿ. ಮೇಲೆ ಮ್ಯಾಟ್ ಲ್ಯಾಮಿನೇಷನ್ ಇದ್ದರೆ ಟ್ಯೂಬ್‌ಲೈಟ್ ಕಣ್ಣಿಗೆ ಹೊಡೆಯದು. ಗಾಜಿನ ಫ್ರೇಮ್ ಚೆಂದ, ಆದರೆ ಭಾರ, ದುಬಾರಿ. ಟೇಪ್ ಬದಲು ಸ್ಕ್ರೂ ಹಾಕಿಸೋಣ. ಬಿಸಿಲು ಬೀಳದ ಗೋಡೆ ಆರಿಸೋಣ. ಹಣ ಸಾಲದಿದ್ದರೆ ಇಪ್ಪತ್ತರ ಬದಲು ಹತ್ತೇ ಫೋಟೋ ಸಾಕು. ಖಾಲಾ ಮತ್ತೆ ನೆಲಕ್ಕೆ ಬೀಳುವುದು ಬೇಡ.